ಇನ್‌ಕ್ಯುಬೇಟರಿಗೆ ವಿಶ್ರಾಂತಿ ದೊರೆತ ಮಹಾನವಮಿ

"ಯಾರಪ್ಪಾ ಇದನ್ನ ಬಂದ್ ಮಾಡಿದವ್ರು?"

ನಿರ್ಜನ ಪ್ರಯೋಗಾಲಯದಲ್ಲಿ, ಗೋಡೆಗಳನ್ನಲ್ಲದೆ ಬೇರಾರನ್ನೂ ಕೇಳದೆ, ಹೀಗೆ ಗರ್ಜಿಸಿದ ವೀರಾಂಗನೆ ಯಾರೆಂದರೆ, ಚಿತ್ತವಿಟ್ಟು ಆಲಿಸಿರಿ ಸಜ್ಜನರೇ: ಮುಪ್ಪೆಂಬ ಮಹಾಸುರನು ಮನುಷ್ಯರನ್ನು ಮಂಡಿಯಿಂದ ಮಂಡೆಯವರೆಗೆ ಪೀಡಿಸುತ್ತಿರುವ ಈ ಕಲಿಯುಗದಲ್ಲಿ, ಪೇಡಾಪರಿಮಳಪರಿವೇಷ್ಟಿತ ಧಾರವಾಡಪುರದಲ್ಲಿ, ಶ್ವೇತಾಂಗಿಧಾರಿಣಿಯೂ ಸೂಕ್ಷ್ಮದರ್ಶಕೈಕಲೋಚನೆಯೂ ಆಗಿ ಮೆರೆದ ಡಾಕ್ಟರ್ ಮಹಾನಂದೆ!

ಆಕೆಯ ಸಾಹಸವೇನು ಸಾಮಾನ್ಯವೇ? ಅರವತ್ತು ಮಳೆಗಾಲ ಕಂಡು, ಚರ್ಮವಾಗಿಯೇ ಸಾಯುತ್ತೇವೆಂದು ಹಟ ಹಿಡಿದು ಕೂತ ಕೋಶಗಳ ಕೋಟೆಯೊಳಕ್ಕೆ ನಾಲ್ಕು ವಂಶವಾಹಿಗಳೆಂಬ ಚತುರಂಗಬಲವನ್ನು ನುಗ್ಗಿಸಿ, ಅವು ಕಲಿತ ಕಸುಬನ್ನೆಲ್ಲ ಮರೆಸಿ, ಹೃದಯವಾಗೆಂದರೆ ಹೃದಯ, ನರವಾಗೆಂದರೆ ನರವಾಗಬಲ್ಲ ಆಕರಕೋಶಗಳ ಶೈಶವಕ್ಕೆ ಹಿಂದಿರುಗಿಸಿದ್ದಳು. ಎಷ್ಟೋ ತಟ್ಟೆಗಳು ಸೋತ ಮೇಲೆ ಗೆದ್ದದ್ದು ಒಂದೇ ತಟ್ಟೆ. ಅದನ್ನು ತಾಯೊಡಲಿನ ಬಿಸಿಯಲ್ಲಿ ಕಾಯಬೇಕಾದ ಇನ್‌ಕ್ಯುಬೇಟರೋ, ನೆತ್ತಿಗೆ ಚೆಂಡುಹೂ, ಹಣೆಗೆ ವಿಭೂತಿ, ಬಾಗಿಲಿಗೆ ಕುಂಕುಮ ಧರಿಸಿ ಹಿಮವಂತನಂತೆ ತಣ್ಣಗೆ ನಿಂತಿತ್ತು.

ಆಗ, ಕೈಯಲ್ಲಿ ಪ್ರಸಾದದ ಬಟ್ಟಲು ಹಿಡಿದು, ವಿಭಾಗದ ಮುಖ್ಯಸ್ಥರೂ, ಆ ಕೋಶಗಳಿಗಾಗಿ ಸ್ವಂತ ತೋಳಿನ ಚರ್ಮವನ್ನೇ ದಾನವಿತ್ತವರೂ ಆದ ಭಸ್ಮವಿಭೂಷಿತಲಲಾಟ ಪ್ರೊಫೆಸರ್ ರಾಚಯ್ಯನವರು ಬಿಜಯಂಗೈದರು.

"ನಾನಽ ತಂಗಿ. ಆಯುಧಪೂಜಿ ಅಲ್ಲೇನು? ವರ್ಷಾನಗಟ್ಟಲೆ ದುಡದಾವ ಪಾಪ. ಒಂದ್ ದಿನರ ಆರಾಮ ತಗೊಳ್ಳಿ ಅಂತ ನಿನ್ನೇನಽ ಆರಿಸೇನಿ."

"ಸರ, ಒಳಗ ಕೂಸಿನಂಗ ಇದ್ವಲ್ರೀ! ಅವೂ ನಿಮ್ಮವಽ ಕೋಶ!"

"ಕೂಸು ಅಂದಮ್ಯಾಲೆ ಮಲಗಿರತಾವ, ಬಿಡವಾ."

ಮಹಾನಂದೆ ತಟ್ಟೆಯನ್ನೆತ್ತಿ ಸೂಕ್ಷ್ಮದರ್ಶಕಕ್ಕೆ ಧಾವಿಸಿದಳು. ನಿನ್ನೆ ಗುಂಪುಗುಂಪಾಗಿ ಮೈದುಂಬಿ ಕೂತಿದ್ದ ಎಳೆಯ ಕೋಶಗಳು, ದೊರೆ ಬಿದ್ದ ದಂಡಿನಂತೆ ತಳಬಿಟ್ಟು ತೇಲುತ್ತಿದ್ದವು. ಒಂದಾದರೂ ಉಳಿದೀತೇ ಎಂದು ಅಂಚಿನವರೆಗೂ ಹುಡುಕಿದಳು. ಉಳಿದಿರಲಿಲ್ಲ. ಕಣ್ಣನ್ನು ತೋಳಿಗೆ ಒರೆಸಿಕೊಂಡಳು.

"ಇರಲಿ. ಮೊದಲಿನ ಚರ್ಮದ ಕೋಶ ಫ್ರೀಜರಿನ್ಯಾಗ ಅದಾವ. ಅದರಿಂದಽ ಮತ್ತ ಸುರು ಮಾಡ್ತೀನಿ."

ರಾಚಯ್ಯನವರ ದನಿ ಸಣ್ಣದಾಯಿತು. "ಫ್ರೀಜರನೂ ಖಾಲಿ ಮಾಡಿ, ನೀರು ಹಾಕಿ ತೊಳದೇನಿ. ಹೂ ಏರಸೋದು ಅಂದ್ರ ತೊಳೀದಽ ಹೆಂಗ?"

ಅನಂತರ ಆ ಮಹನೀಯರೇ ಎದೆಯುಬ್ಬಿಸಿ, ದಿಕ್ಕುಗಳು ಮೊಳಗುವಂತೆ ಘೋಷಿಸಿದರು:

"ಅಳಬ್ಯಾಡ! ಈ ರಾಚಯ್ಯ ಇರೂತನಕ ವಿಜ್ಞಾನಕ್ಕ ಚರ್ಮದ ಬರ ಬರೂದಿಲ್ಲ! ಎದೀದು ಬೇಕೋ, ಬೆನ್ನಂದು ಬೇಕೋ, ಬಾಯಿಬಿಟ್ಟು ಕೇಳು!"

"ಅಷ್ಟೆಲ್ಲ ಬ್ಯಾಡ್ರಿ ಸರ. ತೋಳಿಂದು, ಸಾಸಿವಿಕಾಳಿನಷ್ಟು ಸಾಕು." ಮಹಾನಂದೆ ಬ್ಲೇಡಿನ ಪೊಟ್ಟಣ ತೆಗೆದಳು. "ಕೂಡ್ರಿ, ಈಗಽ ತಗೊಂಬಿಡ್ತೀನಿ."

ರಾಚಯ್ಯನವರು ಬ್ಲೇಡನ್ನು ನೋಡಿದರು.

"ಇವತ್ತ ಅದೂ ಆಯುಧನಽ. ಮುಟ್ಟೂಹಂಗಿಲ್ಲ."

"ಮತ್ತ ನಾಳೆ?"

ಅವರು ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಇಳಿಸಿ, ಗುಂಡಿ ಹಾಕಿಕೊಂಡರು.

"ಹ್ವಾದ ಸಲನಽ ಭಾಳ ಉರದೈತಿ ತಂಗಿ. ಕೊಡೂದಿಲ್ಲ."