ಕೆಂಪು ದಾರ, ನೀಲಿ ದಾರ

ನಾನು ಐದನೇ ಕ್ಲಾಸಿಗೇ ಸ್ಕೂಲಿಗೆ ಕೈಮುಗಿದು ಬಂದವನು. ಆದರೆ ರೇಷ್ಮೆಗೂಡಿನಿಂದ ನೂಲು ತೆಗೆಯುವ ವಿದ್ಯೆಯಲ್ಲಿ ಇಡೀ ಶಿಡ್ಲಘಟ್ಟದಲ್ಲಿ ನನ್ನನ್ನು ಮೀರಿಸುವವರಿಲ್ಲ. ಬೇರೆ ಯಾರೂ ಹೇಳದ ಕಾರಣ ನಾನೇ ಹೇಳಬೇಕಾಗಿದೆ. ಇಪ್ಪತ್ತೈದು ವರ್ಷ ಕುದಿನೀರು ಕಂಡ ಬೆರಳುಗಳಿವು!

ನನ್ನ ಹೆಂಡತಿ ರತ್ನಮ್ಮ ಕಲಿಯಲು ಕೂತದ್ದು ಮೂರು ವರ್ಷದ ಹಿಂದೆ. ಊಟವಾಗಿ ನಾನು ಗೊರಕೆ ಹೊಡೆಯುವಾಗ ಅವಳು ನಾನು ಬಿಸಾಕಿದ ಗೂಡುಗಳಲ್ಲಿ ಎಳೆ ಹುಡುಕುತ್ತಿದ್ದಳು. ದಿನಾ. ನಾನು ನಗುತ್ತಿದ್ದೆ. ಈಚೆಗೆ ನಗು ನಿಂತಿದೆ.

ನೂಲಿನ ವ್ಯಾಪಾರಿ ಬಾಷಾ ಸಾಹೇಬರು ಒಂದು ದಿನ ಬಂದು, "ನನ್ನ ಹೊಸ ಶೆಡ್ಡಲ್ಲಿ ಕೆಲಸ ಕಲಿಸೋಕೆ ಒಬ್ರು ಉಸ್ತಾದ್ ಬೇಕು. ಇಬ್ರೂ ಒಂದೊಂದು ಲಡಿ ನೂಲು ತೆಗೆದಿಡಿ. ನಾಳೆ ನೋಡ್ತೀನಿ" ಎಂದರು.

ಇಬ್ಬರೂ! ನನ್ನ ಜೊತೆ ಅವಳನ್ನೂ ಸೇರಿಸಿ!

ಮರುದಿನ ಅಕ್ಕಪಕ್ಕ ಕೂತೆವು. ಎಂಟು ಗೂಡಿನ ಎಳೆ ಸೇರಿದರೆ ಒಂದು ನೂಲು. ಒಂದು ಗೂಡು ಮುಗಿದ ತಕ್ಷಣ ಇನ್ನೊಂದರ ಎಳೆ ಸೇರಿಸಬೇಕು. ನನ್ನ ಕೈ ನನ್ನ ನೀರಲ್ಲಿತ್ತು, ಕಣ್ಣು ಅವಳ ನೀರಲ್ಲಿ.

"ರೀ, ನಿಮ್ದು ಐದೇ ಗೂಡು ಓಡ್ತಿದೆ."

"ನಂಗೇ ಹೇಳ್ಕೊಡ್ತೀಯೇನೇ?"

"ಈಗ ನಾಲ್ಕು."

ಅಂತೂ ನನ್ನ ಲಡಿ ಸಿದ್ಧವಾಯಿತು. ಒಂದು ಕಡೆ ಹಗ್ಗ, ಒಂದು ಕಡೆ ಕೂದಲು. ಗುರುತಿಗೆ ನನ್ನದಕ್ಕೆ ಕೆಂಪು ದಾರ, ಅವಳದಕ್ಕೆ ನೀಲಿ ದಾರ ಕಟ್ಟಿದೆವು. ನಾನು ಒಳಗೆ ಹೋಗಿ ಇಸ್ತ್ರಿ ಶರ್ಟು ಹಾಕಿಕೊಂಡು ಬಂದೆ. ರತ್ನಮ್ಮ ಟೀ ಇಡಲು ಹೋಗಿದ್ದಳು. ಹೊರಗೆ ಸಾಹೇಬರ ಸ್ಕೂಟರ್ ಸದ್ದು! ಹೊಟ್ಟೆಕಿಚ್ಚಿಗೆ ಯೋಚನೆ ಬಹಳ ಬೇಗ ಹೊಳೆಯುತ್ತದೆ. ಲಡಿಗಳ ಕಡೆ ತಿರುಗಿಯೂ ನೋಡದೆ ದಾರಗಳನ್ನು ಮಾತ್ರ ಬಿಚ್ಚಿ ಅದಲುಬದಲು ಕಟ್ಟಿದೆ.

ಸಾಹೇಬರು ನೀಲಿ ದಾರದ ಲಡಿಯ ಮೇಲೆ ಬೆರಳಾಡಿಸಿದರು. "ವಾಹ್! ಬೆಣ್ಣೆ! ರತ್ನಮ್ಮ, ನೀವೇ ಉಸ್ತಾದ್." ಆಮೇಲೆ ಕೆಂಪು ದಾರದ್ದನ್ನು ಎತ್ತಿದರು. "ಅರೆ ನಾರಾಯಣಪ್ಪ, ಇದರಲ್ಲಿ ಎಮ್ಮೆ ಕಟ್ಟಬಹುದು ಕಣಯ್ಯಾ!"

ನಾನು ದಾರಗಳನ್ನೇ ಮತ್ತೆ ಮತ್ತೆ ನೋಡಿದೆ. ಇದು ಹೇಗೆ ಸಾಧ್ಯ?

ಸಾಹೇಬರು ಹೋದ ಮೇಲೆ ರತ್ನಮ್ಮ ಪಿಸುಗುಟ್ಟಿದಳು: "ನಿಮ್ಮ ಮರ್ಯಾದೆ ಹೋಗ್ಬಾರ್ದು ಅಂತ ನೀವು ಶರ್ಟು ಹಾಕ್ಕೊಳೋವಾಗ ನಾನೇ ದಾರ ಬದಲಾಯ್ಸಿದ್ದೆ ಕಣ್ರಿ. ಮತ್ತೆ ಹೆಂಗೆ ವಾಪಸ್ ಆಯ್ತು?"

"ಟೀ ಚೆನ್ನಾಗಿದೆ" ಎಂದೆ.

ಈಗ ಊಟವಾದ ಮೇಲೆ ಗೊರಕೆ ಹೊಡೆಯುವವಳು ಅವಳು. ಅವಳು ಬಿಸಾಕಿದ ಗೂಡುಗಳಲ್ಲಿ ಎಳೆ ಹುಡುಕುವವನು ನಾನು. ದಿನಾ ಹುಡುಕುತ್ತೇನೆ. ಸಿಗುವುದಿಲ್ಲ. ಅವಳು ಬಿಸಾಕಿದ ಗೂಡಿನಲ್ಲಿ ಎಳೆಯೇ ಉಳಿದಿರುವುದಿಲ್ಲ!