ಗಾಜಿನ ಬಾಗಿಲಿಗೆ ಬೆಕ್ಕಿನ ಕಿಂಡಿ

ಬೆಕ್ಕು ಒಳಗೆ ಹೋಗಬೇಕು, ಆಡು ಒಳಗೆ ಹೋಗಬಾರದು. ಲೆಕ್ಕ ಇಷ್ಟೇ. ಸವಣೂರಿನ ಹೈಸ್ಕೂಲಿನಲ್ಲಿ ಹನ್ನೊಂದು ವರ್ಷ ಗಣಿತ ಕಲಿಸಿದವನಿಗೆ ಇದೂ ಒಂದು ಲೆಕ್ಕವೇ? ಅರ್ಧ ದಿನದ ಕೆಲಸ ಎಂದುಕೊಂಡೆ. ಹಾಗೆ ಅಂದುಕೊಂಡಾಗ ನನ್ನ ಕೊರಳು ಎಲ್ಲಿರಬೇಕೋ ಅಲ್ಲೇ ಇತ್ತು.

ನಾನು ಮನೆ ಅಳಿಯ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ನಾನು ಹೇಳದಿದ್ದರೆ ಊರವರು ಹೇಳುತ್ತಾರೆ. ಮಾವನವರು ದೊಡ್ಡ ಆಚಾರ್ಯರು. ಇಪ್ಪತ್ತು ವರ್ಷ ಕೂತು ಒಂದು ಗ್ರಂಥಕ್ಕೆ ವ್ಯಾಖ್ಯಾನ ಬರೆದಿದ್ದರು. ಕೈಬರಹ, ಒಂದೇ ಪ್ರತಿ. ಅದನ್ನು ಕೆಂಪು ವಸ್ತ್ರದಲ್ಲಿ ಸುತ್ತಿ ಪುಸ್ತಕದ ಕೋಣೆಯಲ್ಲಿ ಮಣೆಯ ಮೇಲೆ ಇಡುತ್ತಿದ್ದರು. ಆ ಕೋಣೆಗೆ ಮೊದಲು ಗೆದ್ದಲು ತಿಂದ ಕಟ್ಟಿಗೆಯ ಬಾಗಿಲಿತ್ತು. ಅದರ ಕೆಳಗಿನ ಸಂದಿಯಲ್ಲಿ ನಮ್ಮ ಬೆಕ್ಕು ಚಿಂಗಿ ತನ್ನ ಪಾಡಿಗೆ ಹೋಗಿ, ಇಲಿ ಹಿಡಿದು, ತನ್ನ ಪಾಡಿಗೆ ಬರುತ್ತಿತ್ತು. ಎಲ್ಲ ಸರಿಯಾಗಿಯೇ ಇತ್ತು. ಮಾವನವರಿಗೆ ಓದಲು ಬೆಳಕು ಸಾಲದು ಎಂದು ಮುಂದೆ ಬಿದ್ದವನು ನಾನು. ಹುಬ್ಬಳ್ಳಿಯಲ್ಲಿ ಮುಚ್ಚಿಹೋದ ಬಟ್ಟೆಯಂಗಡಿಯೊಂದರ ಗಾಜಿನ ಬಾಗಿಲು ಹರಾಜಿಗೆ ಬಂದಿತ್ತು. ಆಳೆತ್ತರದ ಎರಡು ಗಾಜು, ಒಂದರ ಹಿಂದೆ ಒಂದು ಸರಿಯುವಂಥವು. ಅದನ್ನೇ ತಂದು ಕೂಡಿಸಿದೆ. ಓಣಿಯವರೆಲ್ಲ ಬಂದು ಸರಿಸಿ ಸರಿಸಿ ನೋಡಿ ಹೋದರು. ಬೆಳಕೇನೋ ಬಂತು. ಆದರೆ ಬೆಕ್ಕು ಹೊರಗೆ ಉಳಿಯಿತು! ಇಲಿಗಳು ಮಾತ್ರ ಮಣ್ಣಿನ ಗೋಡೆಯ ಬಿರುಕಿನಿಂದ ಎಂದಿನಂತೆ ಬಂದವು.

ಬಾಗಿಲು ತೆರೆದು ಬಿಡಬಹುದಿತ್ತಲ್ಲ ಎನ್ನುತ್ತೀರಿ. ಪಕ್ಕದ ಮನೆಯ ಗಂಗವ್ವನ ಆಡು ನಿಮಗೆ ಗೊತ್ತಿಲ್ಲ. ಆಡು ಮುಟ್ಟದ ಸೊಪ್ಪಿಲ್ಲ ಎಂಬುದು ಗಾದೆ, ಈ ಆಡು ಮುಟ್ಟದ ಕಾಗದವೂ ಇರಲಿಲ್ಲ. ನಾನು ತಿದ್ದಲು ತಂದಿದ್ದ ಇಡೀ ತರಗತಿಯ ಬೀಜಗಣಿತದ ಉತ್ತರಪತ್ರಿಕೆಗಳನ್ನು ಒಂದು ಮಧ್ಯಾಹ್ನ ಅದು ತಿಂದು ಮುಗಿಸಿತ್ತು. ಹುಡುಗರು ಆ ಆಡಿಗೆ ಇಂದಿಗೂ ಹುಲ್ಲು ತಂದು ಹಾಕುತ್ತಾರೆ.

ಆ ಶ್ರಾವಣದಲ್ಲಿ ಮಾವನವರಿಗೆ ಹಿರೇಕೆರೂರಿನಿಂದ ಪ್ರವಚನಕ್ಕೆ ಕರೆ ಬಂತು. ಎಂಟು ದಿನ. ಅವರು ಹಗಲೆಲ್ಲ ಆ ಕೋಣೆಯಲ್ಲೇ ಕೂತಿರುತ್ತಿದ್ದುದರಿಂದ ಇಲಿಗಳು ಕಟ್ಟಿನ ಹತ್ತಿರ ಸುಳಿಯುತ್ತಿರಲಿಲ್ಲ. ಇನ್ನು ಅವರಿಲ್ಲದಾಗ?

"ಅಳಿಯಂದಿರ, ಕೋಣಿ ಕಡೆ ಸ್ವಲ್ಪ ಜ್ವಾಕಿ" ಎಂದು ಹೊರಡುವಾಗ ಮಾವನವರು ಹೇಳಿದರು.

ಮದುವೆಯಾದ ಮೇಲೆ ಅವರು ನನಗೆ ಒಪ್ಪಿಸಿದ ಮೊದಲ ಕೆಲಸ ಅದು. ನನ್ನ ಎದೆ ಉಬ್ಬಿತು. "ನೀವೇನೂ ಕಾಳಜಿ ಮಾಡಬ್ಯಾಡ್ರಿ ಮಾವ, ಬರೂದ್ರೊಳಗ ಬಾಗಲಕ್ಕ ಬೆಕ್ಕಿನ ಕಿಂಡಿ ಮಾಡಿಸಿರ್ತೇನಿ" ಎಂದೆ. ಅವರು ನನ್ನನ್ನು ನೋಡಿದರು, ಬಾಗಿಲನ್ನು ನೋಡಿದರು, "ಒಂದು ನಿಮಿಷ ನಿಲ್ರಿ" ಎಂದು ಕೋಣೆಯೊಳಗೆ ಹೋಗಿ ಬಂದು, ಬಸ್ಸಿಗೆ ನಡೆದರು.

ಮೊದಲ ಕೆಲಸ ಬೆಕ್ಕಿನ ಅಳತೆ. ನಾನು ದಾರ ಹಿಡಿದೆ, ಹೆಂಡತಿ ಸುಭದ್ರಾ ಚಿಂಗಿಯನ್ನು ಹಿಡಿದಳು. ಎರಡು ನಿಮಿಷದಲ್ಲಿ ದಾರ ಚಿಂಗಿಯ ಕೈಯಲ್ಲಿತ್ತು, ನನ್ನ ಮೂಗಿನ ಮೇಲೆ ಮೂರು ಗೀರು ಇದ್ದವು. ಆದರೂ ಅಳತೆ ಸಿಕ್ಕಿತು. ಐದು ಇಂಚು. ಮೀಸೆಗೆಂದು ಒಂದು, ಬಾಲಕ್ಕೆಂದು ಒಂದು, ಮುಂದೆ ಬಸುರಾದರೆ ಇರಲಿ ಎಂದು ಇನ್ನೊಂದು ಕೂಡಿಸಿದೆ. ಒಟ್ಟು ಎಂಟು.

"ಬಾಲಾ ಹಿಂದ ಇರ್ತದಲ್ಲರಿ, ಬದಿಗೆಲ್ಲಿ ಇರ್ತದ?" ಎಂದಳು ಸುಭದ್ರಾ, ನನ್ನ ಮೂಗಿಗೆ ಅರಿಷಿಣ ಹಚ್ಚುತ್ತ.

"ಲೆಕ್ಕದಾಗ ಬಾಯಿ ಹಾಕಬ್ಯಾಡ" ಎಂದೆ.

ಗಾಜು ಕೊಯ್ಯುವವರು ಯಾರು? ಶಿಗ್ಗಾಂವಿಯಲ್ಲಿ ದೇವರ ಫೋಟೋಗಳಿಗೆ ಕಟ್ಟು ಹಾಕುವ ಇಮಾಮಸಾಬರು ಒಬ್ಬರೇ. ಬಾಗಿಲಿನ ಒಂದು ಗಾಜನ್ನು ಕಳಚಿ, ಆಡು ನುಗ್ಗದಂತೆ ಆ ಜಾಗಕ್ಕೆ ಮಂಚ ಅಡ್ಡ ನಿಲ್ಲಿಸಿ, ಗಾಜಿಗೆ ಕೌದಿ ಸುತ್ತಿ, ಹಗ್ಗ ಬಿಗಿದು, ಹಮಾಲನೂ ನಾನೂ ಕೂಡಿ ಬಸ್ಸಿಗೆ ಎತ್ತಿ, ಸೀಟುಗಳ ನಡುವೆ ಉದ್ದಕ್ಕೆ ಮಲಗಿಸಿದೆವು. ಮುದುಕಿಯೊಬ್ಬಳು ಕೈಮುಗಿದು, "ಯಾರು ತೀರಿಕೊಂಡ್ರೋ ಯಪ್ಪಾ?" ಎಂದಳು. "ಬಾಗಲಾ ಐತಬೇ" ಎಂದೆ. ದುಃಖಕ್ಕೆ ತಲೆ ಕೆಟ್ಟಿದೆ ಎಂದು ತಿಳಿದು ಅವಳು ನನ್ನ ಬೆನ್ನು ಸವರಿದಳು.

ಇಮಾಮಸಾಬರು ಕೌದಿ ಬಿಚ್ಚಿ ನೋಡಿ ತಲೆಯಾಡಿಸಿದರು. "ಗಾಜಿನ ನಟ್ಟನಡುವ ಕಿಂಡಿ ತಗಿಯಾಕ ಬರೂದಿಲ್ರಿ ಮಾಸ್ತರ, ಸೀಳಿ ಹೋಗತೈತಿ. ಈ ಅಂಚಿನಿಂದ ಆ ಅಂಚಿಗೆ ಕೊಯ್ದು ಕೊಡ್ತೇನಿ. ಕೆಳಗ ಒಂದ ಫೂಟ ತಗದು ಅಲ್ಲಿ ಹಲಗಿ ಕೂಡಸ್ರಿ, ಹಲಗ್ಯಾಗ ಕಿಂಡಿ ಕೊರಸ್ರಿ."

ಒಪ್ಪಿದೆ. ಆದರೆ ಕೆಳಗು ಯಾವುದು? ಮನೆಯಲ್ಲಿ ಸುಣ್ಣದಿಂದ ಗುರುತು ಹಾಕಿದ್ದೆ, ಕೌದಿಗೆ ಒರೆಸಿಹೋಗಿತ್ತು. ಗಾಜನ್ನು ಆ ಕಡೆಯಿಂದ ನೋಡಿದೆ, ಈ ಕಡೆಯಿಂದ ನೋಡಿದೆ, ಬಗ್ಗಿ ನೋಡಿದೆ. ಮೇಲಿನದು ಕೊಯ್ದುಬಿಟ್ಟರೆ ಗತಿಯೇನು? ಕಾಲು ಗಂಟೆ ಹೀಗೇ ಕಳೆಯಿತು.

"ಮಾಸ್ತರ," ಎಂದರು ಇಮಾಮಸಾಬರು ಮೆಲ್ಲಗೆ, "ಎರಡೂ ಕಡೆ ಒಂದ ನಮೂನಿ ಐತ್ರಿ."

ನನಗೂ ಗೊತ್ತಿತ್ತು. ಪರೀಕ್ಷೆ ಮಾಡಿದೆ, ಅಷ್ಟೇ.

ಇನ್ನು ಕಿಂಡಿಗೆ ಪರದೆ. ಇಲ್ಲವಾದರೆ ಅಲ್ಲಿಂದ ಹೆಗ್ಗಣವೇ ಬಂದೀತು. ಮೆತ್ತಗಿನ ಚರ್ಮದ ತುಂಡು ತಂದೆ. ಸುಭದ್ರಾ ಕಿರುಚಿದಳು: "ಅಯ್ಯ, ಗ್ರಂಥದ ಕೋಣಿಗೆ ತೊಗಲೇನ್ರಿ! ಅಪ್ಪ ಕಂಡ್ರ ಊಟಾ ಬಿಡ್ತಾರ." ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ತಂದೆ. ಅದು ಚಿಂಗಿಯ ಕಣ್ಣೆದುರು ಕೈಜಾರಿ ಢಣ್ಣೆಂದು ಬಿತ್ತು, ಚಿಂಗಿ ಎರಡು ದಿನ ಗಂಗವ್ವನ ಮನೆಯಲ್ಲಿ ವಸತಿ ಮಾಡಿತು. ಅರಿವೆ ಕಟ್ಟೋಣವೆಂದರೆ ಅರಿವೆಗೆ ಮೈಲಿಗೆ. ಮೈಲಿಗೆ ಇಲ್ಲದ ಬಟ್ಟೆ ಯಾವುದು? ರೇಷ್ಮೆ! ಎಷ್ಟು ಸಲೀಸು! ಅಟ್ಟದ ಟ್ರಂಕಿನಲ್ಲಿ ಒಂದು ಹಳೆಯ ರೇಷ್ಮೆಯ ಗಂಟು ಸಿಕ್ಕಿತು. ಯಾರನ್ನೂ ಕೇಳದೆ ಒಂದು ಗೇಣು ಕತ್ತರಿಸಿದೆ. ಮಡಿಯೂ ಆಯಿತು, ಮೆತ್ತಗೂ ಆಯಿತು ಎಂದು ನನ್ನ ಬುದ್ಧಿಗೆ ನಾನೇ ಮೆಚ್ಚಿದೆ.

ಭಾನುವಾರ ಬಡಿಗೇರ ಮಾನಪ್ಪ ಬಂದ. ಹಲಗೆಗೆ ಎಂಟು ಇಂಚಿನ ದುಂಡು ಕಿಂಡಿ ಕೊರೆದು, ರೇಷ್ಮೆ ಹೊಡೆದು, ಗಾಜಿನ ಬುಡಕ್ಕೆ ಕೂಡಿಸಿದ.

"ಮಾಸ್ತರ, ಗಾಜು ತೆಳ್ಳಗ ಐತಿ, ಹಲಗಿ ಇಂಚ ದಪ್ಪ ಐತಿ. ಮುಂದ ತ್ರಾಸ ಆಗತೈತೇನ ನೋಡ್ರಿ" ಎಂದ.

"ದಪ್ಪ ಇದ್ದರ ಗಟ್ಟಿ! ನೀ ಹೊಡಿಯಪ್ಪ" ಎಂದೆ.

ನಾನು ಒಳಗೆ ನಿಂತು ಎರಡೂ ಗಾಜು ಹಿಡಿದುಕೊಂಡೆ. ಅವನು ಹೊರಗಿನಿಂದ ಮೇಲಿನ ಪಟ್ಟಿಗೆ ಮೊಳೆ ಜಡಿದ. ಎಂಟು ಮೊಳೆ. "ದುಂಡಸಿ ಬಸ್ಸಿನ ಹೊತ್ತಾತ್ರಿ, ಬೀಗರ ಮನ್ಯಾಗ ಕಾರ್ಯೆ ಐತಿ, ನಾಡಿದ್ದ ಬರ್ತೇನಿ" ಎಂದು ಚೀಲ ಎತ್ತಿಕೊಂಡು ಓಡಿದ. ನಾನು ಸಮಾಧಾನದಿಂದ ಬಾಗಿಲು ಸರಿಸಿದೆ.

ಸರಿಯಲಿಲ್ಲ.

ಇನ್ನೊಂದು ಗಾಜನ್ನು ಸರಿಸಿದೆ. ಅದೂ ಸರಿಯಲಿಲ್ಲ. ಎಡಕ್ಕೆ ನೂಕಿದೆ, ಬಲಕ್ಕೆ ನೂಕಿದೆ, ಒಳಗೆ ನಿಂತರೆ ಎಡ ಬಲ ಬದಲಾಗುತ್ತದೆಯೇ ಎಂದು ಯೋಚಿಸಿದೆ, ನನಗೊಂದೂ ತಿಳಿಯದಾಯಿತು. ಕೊನೆಗೆ ಕೂತು ನೋಡಿದಾಗ ಹೊಳೆಯಿತು. ಗಾಜು ಗಾಜಿನ ಹಿಂದೆ ಸರಿಯಬೇಕು, ಆದರೆ ದಪ್ಪ ಹಲಗೆ ಪಕ್ಕದ ಗಾಜಿಗೆ ಅಡ್ಡ ನಿಂತಿತ್ತು. ಕಿಟಕಿಗೆ ಸರಳು. ಮೊಳೆ ಹೊರಗೆ. ನಾನು ಒಳಗೆ!

ಅಷ್ಟರಲ್ಲಿ ಗೋಡೆಯ ಬಿರುಕಿನಿಂದ ಒಂದು ಇಲಿ ಇಣುಕಿತು. ನಾನು ಕೆಂಪು ವಸ್ತ್ರದ ಕಟ್ಟನ್ನು ಎತ್ತಿ ಎದೆಗೆ ಅವಚಿಕೊಂಡೆ. ಹೆದರಿಸಲು ಕೈಯಲ್ಲಿ ಏನೂ ಇಲ್ಲ. ಬೇರೆ ದಾರಿ ಕಾಣದೆ, "ಮ್ಯಾಂವ್" ಎಂದೆ. ಇಲಿ ಹೋಯಿತು. ಗಾಜಿನಾಚೆ ಕೂತಿದ್ದ ಚಿಂಗಿ ನನ್ನನ್ನು ಬಹಳ ಹೊತ್ತು ನೋಡಿತು. ಕಿಂಡಿಯ ಹತ್ತಿರ ಮಾತ್ರ ಸುಳಿಯಲಿಲ್ಲ.

ಸುಭದ್ರಾ ಓಡಿ ಬಂದಳು. ಅವಳ ಹಿಂದೆ ಗಂಗವ್ವ, ಗಂಗವ್ವನ ಹಿಂದೆ ಆಡು. ಗಂಗವ್ವ ಎಲ್ಲ ಕೇಳಿಸಿಕೊಂಡು, ಸೆರಗಿನಿಂದ ಬಾಯಿ ಒರೆಸಿಕೊಂಡು, ನಾಲ್ಕು ಬೆರಳು ಜೋಡಿಸಿ ತೋರಿಸುತ್ತ ಕೇಳಿದಳು:

"ಅಲ್ರಿ ಮಾಸ್ತರ, ಕೊಯ್ಯೂಕಿಂತ ಮದಲ ಈ ಗಾಜಿನ ಬಾಗಲಾನ ನಾಕ ಬಳ್ಳ ಸರಿಸಿ ಬಿಟ್ಟಿದ್ರ ಬೆಕ್ಕ ಹೋಗತಿದ್ದಿಲ್ಲೇನ್ರಿ? ನಮ್ಮ ಆಡೇನ ನಾಕ ಬಳ್ಳಿನ ಸಂದ್ಯಾಗ ಹೊಗತೈತೇನ?"

ನಾನು ಸುಭದ್ರಾಳ ಮುಖ ನೋಡಿದೆ. ಸುಭದ್ರಾ ನನ್ನ ಮುಖ ನೋಡಿದಳು. ಆಡು ಇಬ್ಬರ ಮುಖವನ್ನೂ ನೋಡಿತು. ಸರಿಯುವ ಬಾಗಿಲು ಎಷ್ಟು ಬೇಕೋ ಅಷ್ಟೇ ಸರಿಯುತ್ತದೆ ಎಂಬುದು ಹನ್ನೊಂದು ವರ್ಷದ ಗಣಿತಕ್ಕೆ ಹೊಳೆದಿರಲಿಲ್ಲ!

ಆಗಲೇ ಅಂಗಳದಲ್ಲಿ ಕೆಮ್ಮಿದ ಸಪ್ಪಳ. ಮಾವನವರು! ಹಿರೇಕೆರೂರಿನಲ್ಲಿ ಪ್ರವಚನ ಒಂದು ದಿನ ಮುಂಚೆಯೇ ಮಂಗಳವಾಗಿತ್ತು. ಹಿರಿಯರು ಊರಿನಿಂದ ಬಂದರೆ ನಮಸ್ಕಾರ ಮಾಡುವುದು ಮನೆಯ ಪದ್ಧತಿ. ಗಾಜಿನ ಹಿಂದೆ ನಿಂತು ಮಾಡಿದರೆ ಮುಟ್ಟಿದಂತಾಗುತ್ತದೆಯೇ? ಯೋಚಿಸಲು ಹೊತ್ತಿರಲಿಲ್ಲ. ಕಟ್ಟನ್ನು ಮಣೆಯ ಮೇಲಿಟ್ಟು, ಉದ್ದಕ್ಕೆ ಅಡ್ಡಬಿದ್ದು, ಕಿಂಡಿಯಿಂದ ತಲೆ ಹೊರಗೆ ಹಾಕಿ ಅವರ ಪಾದಕ್ಕೆ ಹಣೆ ಮುಟ್ಟಿಸಿದೆ.

"ಆಯುಷ್ಮಾನ್ ಭವ" ಎಂದರು ಮಾವನವರು, ರೂಢಿಯ ಮೇಲೆ. ಆಮೇಲೆ ಬಗ್ಗಿ ನೋಡಿದರು. ನನ್ನ ಹಣೆಯ ಮೇಲೆ ಜೋತಿದ್ದ ರೇಷ್ಮೆಯನ್ನು ಎರಡು ಬೆರಳಲ್ಲಿ ಎತ್ತಿದರು. "ಇದು ನಾ ಪೂಜಿಗೆ ಉಡೂ ಮಗುಟ ಅಲ್ಲೇನ್ರಿ?"

ತಲೆ ಹಿಂದಕ್ಕೆ ಎಳೆದುಕೊಂಡೆ. ಬರಲಿಲ್ಲ. ಹೋಗುವಾಗ ಸುಮ್ಮನಿದ್ದ ಕಿವಿಗಳು ಬರುವಾಗ ಅಡ್ಡ ನಿಂತವು. ಬೆಕ್ಕಿನ ಬಾಲಕ್ಕೆ ಇಂಚು ಬಿಟ್ಟಿದ್ದೆ, ನನ್ನ ಕಿವಿಗೆ ಬಿಟ್ಟಿರಲಿಲ್ಲ! ಸುಭದ್ರಾ ಕೊಬ್ಬರಿ ಎಣ್ಣೆ ತರಲು ಓಡಿದಳು, ಗಂಗವ್ವ ತನ್ನ ಗಂಡನನ್ನೂ ಹಾರೆಯನ್ನೂ ತರಲು ಓಡಿದಳು. ಆಡು ನನ್ನ ಕೂದಲನ್ನು ಮೂಸಿ ನೋಡಿ, ಬೇಡವೆಂದು ಹೋಯಿತು.

ಮಾವನವರು ನನ್ನ ಮುಖದ ಪಕ್ಕ ನೆಲದ ಮೇಲೆ ಕೂತರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಮಾವ, ಏನ ಆದ್ರೂ ನಿಮ್ಮ ವ್ಯಾಖ್ಯಾನ ಸುರಕ್ಷಿತ ಅದರಿ" ಎಂದೆ ನೆಲದಿಂದಲೇ. "ಒಂದು ಹಾಳಿಗೂ ಇಲಿ ಬಾಯಿ ತಾಗಿಲ್ಲ. ನಾನಽ ಕಾದೇನಿ."

ಮಾವನವರು ತಮ್ಮ ಚೀಲದ ಬಾಯಿ ಬಿಚ್ಚಿದರು. ಒಳಗಿನಿಂದ ಒಂದು ಕಟ್ಟು ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಹಾಳೆಗಳ ಮೇಲೆ ಅವರದೇ ಅಕ್ಷರ.

"ಇದು..." ಎಂದೆ.

"ವ್ಯಾಖ್ಯಾನ. ಹೋಗೂವಾಗ ಸಂಗಡ ಒಯ್ದಿದ್ದೆ."

"ಮತ್ತ ಆ ಮಣಿ ಮ್ಯಾಲೆ ಇರೂದು?"

"ಹಳೀ ಪಂಚಾಂಗರಿ."

ನಿಜ ಹೇಳುತ್ತೇನೆ, ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲು ಕೈಗಳು ಹಲಗೆಯ ಆಚೆ ಇದ್ದವು. "ನನ್ನ ಮ್ಯಾಲೆ ನಂಬಿಗಿ ಇಲ್ಲೇನ್ರಿ ಮಾವ?" ಎಂದು ಕೇಳಿದೆ.

ಮಾವನವರು ಮಗುಟದ ತುದಿಯಿಂದಲೇ ನನ್ನ ಕಣ್ಣು ಒರೆಸಿದರು. "ಛೇ ಛೇ, ಹಂಗ್ಯಾಕ ಅಂತೀರಿ? ನಿಮ್ಮ ಮ್ಯಾಲೆ ಭಾಳ ನಂಬಿಗಿ ಅದ. ನಿಮ್ಮ ಬಾಗಲದ ಮ್ಯಾಲೆ ಇರಲಿಲ್ಲ, ಅಷ್ಟಽ" ಎಂದರು.

ಆ ಬಾಗಿಲನ್ನು ತಂದವನು, ಕೊಯ್ಯಿಸಿದವನು, ಜಡಿಸಿದವನು, ಕೊನೆಗೆ ಅದರಲ್ಲಿ ತಲೆ ಸಿಕ್ಕಿಸಿಕೊಂಡು ಮಲಗಿದವನು, ಈ ನಾಲ್ವರೂ ಒಬ್ಬನೇ ಎಂಬುದನ್ನು ಮಾವನವರು ದೊಡ್ಡ ಮನಸ್ಸಿನಿಂದ ಲೆಕ್ಕಕ್ಕೆ ಹಿಡಿಯಲಿಲ್ಲ. ನಾನು ಹಿಡಿದೆ. ಅಷ್ಟೂ ದಿನದಲ್ಲಿ ನಾನು ತಪ್ಪಿಲ್ಲದೆ ಮಾಡಿದ ಲೆಕ್ಕ ಅದೊಂದೇ!