ಸಾಹುಕಾರರ ಮೋಟಾರಿನ ಒಳಹಿಡಿಗಳು

ಮೋಟಾರು ಕೆಟ್ಟರೆ ರಿಪೇರಿ ಮಾಡಬಹುದು. ಮೋಟಾರು ಇಟ್ಟವರ ಮನೆಯಲ್ಲಿ ಏನಾದರೂ ಕೆಟ್ಟರೆ ಅದಕ್ಕೆ ಯಾವ ಸ್ಪಾನರೂ ಹತ್ತುವುದಿಲ್ಲ. ನನ್ನ ಕೆಲಸದಲ್ಲಿ ಇಂಥವು ಒಂದಲ್ಲ ಒಂದು ಆಗುತ್ತಲೇ ಇದ್ದವು.

ಮಹಾರಾಜರ ಕಾಲ ಅದು. ನಾನು ಚಳ್ಳಕೆರೆಯ ಕಮ್ಮಾರ, ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕಿಕೊಂಡಿದ್ದವನು. ಮೊಳಕಾಲ್ಮೂರಿನ ರೇಷ್ಮೆ ಸೀರೆ ಸಾಹುಕಾರರೊಬ್ಬರು ಮೋಟಾರು ತಂದರು. ಕಬ್ಬಿಣ ಗೊತ್ತಿದ್ದವನಿಗೆ ಮೋಟಾರೂ ಗೊತ್ತಿರುತ್ತದೆ ಅಂತ ನನ್ನನ್ನು ಕರೆಸಿ, ದಾವಣಗೆರೆಯಲ್ಲಿ ಹದಿನೈದು ದಿನ ಓಡಿಸುವುದು ಕಲಿಸಿ, ಡ್ರೈವರೂ ನೀನೇ ರಿಪೇರಿಯವನೂ ನೀನೇ ಅಂದರು. ನಾನೂ ಹೂಂ ಅಂದು ಕುಲುಮೆಯನ್ನು ತಮ್ಮನಿಗೆ ಬಿಟ್ಟುಕೊಟ್ಟು ಬಂದೆ. ಈ ಕೆಲಸ ಹೋದರೆ ತಮ್ಮನ ಕೈಕೆಳಗೆ ತಿದಿ ಒತ್ತಬೇಕು. ಅವನೋ, ನಾನು ವಾಪಸ್ ಬರುವುದನ್ನೇ ಕಾಯುತ್ತಿದ್ದ.

೧. ಅವ್ವನ ಸೀರೆ

ಸಾಹುಕಾರರ ತಾಯಿಯನ್ನು ಊರೆಲ್ಲ ಅವ್ವ ಅಂತಲೇ ಕರೆಯುತ್ತಿತ್ತು. ಮಗ್ಗದ ಮನೆಯಲ್ಲೇ ಹುಟ್ಟಿ ಬೆಳೆದವರು. ಅವ್ವನಿಗೆ ಮೋಟಾರು ಕಂಡರೆ ಆಗುತ್ತಿರಲಿಲ್ಲ. ಕಾರಣ ಇಷ್ಟೆ. ಮೋಟಾರು ಬಂದ ಮೇಲೆ ಸಾಹುಕಾರರು ಹಬ್ಬ ಹುಣ್ಣಿಮೆ ಅಂದರೆ ಸಾಕು, ಎಲೆ ಮುಂದೆ ಕೂರುವ ಹೊತ್ತಿಗೆ ಚಳ್ಳಕೆರೆಗೆ ಇಸ್ಪೀಟು ಆಡಲು ಹೊರಟುಬಿಡುತ್ತಿದ್ದರು.

ಅವ್ವನನ್ನು ಒಲಿಸಿಕೊಳ್ಳಲು ಸಾಹುಕಾರರು ಒಂದು ದಿನ ಅವರನ್ನು ಮೋಟಾರಿನಲ್ಲಿ ಬಿ.ಜಿ. ಕೆರೆವರೆಗೆ ಕರೆದುಕೊಂಡು ಹೋದರು. ಇಳಿಯುವಾಗ ಬಾಗಿಲ ಒಳಗಡೆಯ ಹಿಡಿಗೆ ಅವ್ವನ ಸೆರಗು ಸಿಕ್ಕಿ, ನವಿಲಿನ ಅಂಚು ಒಂದು ಗೇಣು ಪರ್ರನೆ ಹರಿಯಿತು.

ಅವ್ವ ಹರಿದ ಅಂಚನ್ನು ಅಂಗೈ ಮೇಲೆ ಹಾಕಿಕೊಂಡು ನೋಡಿದರು. "ಈ ಅಂಚಿಗೆ ಎಂಟು ದಿನ ಮಗ್ಗದಾಗೆ ಕುಂತಿದ್ದೆ. ಇನ್ನೊಂದು ಎಳೆ ಕಿತ್ರೆ ಮೋಟಾರು ಮಾರಿ ಎತ್ತಿನ ಗಾಡಿ ತರ್ತೀನಿ" ಅಂದರು.

ಸಾಹುಕಾರರು ನನ್ನ ಕಡೆ ತಿರುಗಿದರು. "ಲೇ, ಒಳಗಿನ ಹಿಡಿ ಎಲ್ಲಾ ಕಿತ್ತಾಕು. ಮೋಟಾರು ಹೋದ್ರೆ ನೀನೂ ಹೋಗ್ತೀಯ, ತಿಳೀತಾ?"

ನನಗೆ ಆಗಲೇ ತಿದಿಯ ಸದ್ದು ಕೇಳಿಸತೊಡಗಿತ್ತು.

೨. ಕಾಯಿಸಿ ನೋಡಿದ್ದು

ಹಿಂದಿನ ಎರಡು ಬಾಗಿಲಿಗೆ ನಾಲ್ಕು ಹಿಡಿ. ಎರಡು ಬಾಗಿಲು ತೆಗೆಯಲು, ಎರಡು ಕಿಟಕಿ ಗಾಜು ಇಳಿಸಲು. ಕಿತ್ತುಬಿಡೋಣ ಅಂತ ನೋಡಿದರೆ ಒಂದು ಸ್ಕ್ರೂ ಇಲ್ಲ, ಒಂದು ಮೊಳೆ ಇಲ್ಲ. ಬಾಗಿಲಿನಿಂದಲೇ ಮೊಳೆತು ಬಂದ ಹಾಗಿತ್ತು. ಇಕ್ಕಳ ಹಾಕಿ ಎಳೆದೆ. ಕಾಲು ಕೊಟ್ಟು ಎಳೆದೆ. ಸಾಹುಕಾರರು ಮಣೆ ಹಾಕಿಕೊಂಡು ಎದುರಿಗೇ ಕುಂತು, ನಿಮಿಷಕ್ಕೊಮ್ಮೆ "ಬರ್ತೈತಾ?" ಅನ್ನುತ್ತಿದ್ದರು.

"ಬರ್ತೈತೆ ಬುಡ್ರಿ, ಯಾಕ್ ಬರಲ್ಲ" ಅಂದೆ. ನಮ್ಮ ಕಮ್ಮಾರರಿಗೆ ದಾರಿ ಕಾಣದಿದ್ದರೆ ಕಾಯಿಸುವುದೊಂದೇ ಗೊತ್ತು. ಕಾದ ಕಬ್ಬಿಣ ತಂದು ಹಿಡಿಗೆ ಒತ್ತಿದೆ. ಹಿಡಿ ಜಪ್ಪಯ್ಯ ಅನ್ನಲಿಲ್ಲ. ಬಾಗಿಲಿಗೆ ಹೊದಿಸಿದ್ದ ಬಟ್ಟೆ ಮಾತ್ರ ರೊಟ್ಟಿಯಗಲ ಸುಟ್ಟುಹೋಯಿತು.

ಸುಟ್ಟ ವಾಸನೆಗೆ ಅವ್ವ ಹೊರಗೆ ಬಂದರು. ನನ್ನನ್ನು ಪಕ್ಕಕ್ಕೆ ಸರಿಸಿ ಹಿಡಿಯ ಬುಡವನ್ನು ಬೆರಳಲ್ಲಿ ಮುಟ್ಟಿ ನೋಡಿದರು. ಬುಡದಲ್ಲಿದ್ದ ದುಂಡು ಬಿಲ್ಲೆಯನ್ನು ಒಳಕ್ಕೆ ಒತ್ತಿದರು. ಬಿಲ್ಲೆ ಒಳಗೆ ಸರಿಯಿತು, ಅದರ ಹಿಂದೆ ಒಂದು ಸಣ್ಣ ಕಡ್ಡಿ ಕಂಡಿತು. ಒಂದು ಸೂಜಿ ತಂದು ಅದನ್ನು ಆಚೆಗೆ ತಳ್ಳಿದರು. ಹಿಡಿ ತಾನಾಗಿ ಅವರ ಕೈಗೆ ಬಂತು. ಉಳಿದ ಮೂರೂ ಹಾಗೇ ಬಂದವು.

"ಕಟ್ಟಿದೋನು ಬಿಚ್ಚೋಕೆ ಒಂದು ದಾರಿ ಇಟ್ಟೇ ಇರ್ತಾನಪ್ಪ. ಮಗ್ಗದಾಗೂ ಹಿಂಗೇ ಐತೆ" ಅಂದು ಒಳಗೆ ಹೋದರು.

ಸುಟ್ಟ ಜಾಗಕ್ಕೆ ರೇಷ್ಮೆ ತುಂಡಿನ ತೇಪೆ ಬಿತ್ತು. ಅವತ್ತಿನಿಂದ ಮೊಳಕಾಲ್ಮೂರಿನಲ್ಲಿ ಮೋಟಾರು ರಿಪೇರಿ ಬಲ್ಲವರು ಒಬ್ಬರಾದರು. ಅದು ನಾನಲ್ಲ.

೩. ಸಂತೆಯಲ್ಲಿ ನಮಸ್ಕಾರ

ಹಿಡಿ ಹೋದ ಮೇಲೆ ಒಂದು ವಿಷಯ ಗೊತ್ತಾಯಿತು. ಹಿಂದಿನ ಸೀಟಿನಲ್ಲಿ ಕೂತವರು ತಾವಾಗಿ ಇಳಿಯುವ ಹಾಗಿಲ್ಲ. ನನಗೂ ಅವರಿಗೂ ನಡುವೆ ಗಾಜಿನ ಅಡ್ಡ ಬೇರೆ. ಒಂದು ಹಿಡಿಯನ್ನು ನಾನು ಜೇಬಿನಲ್ಲಿ ಇಟ್ಟುಕೊಂಡೆ, ಗಾಜು ಏರಿಸಿ ಇಳಿಸಲು ಅದನ್ನೇ ಸಿಕ್ಕಿಸುತ್ತಿದ್ದೆ. ಬಾಗಿಲನ್ನು ನಾನೇ ಹೊರಗಿನಿಂದ ತೆಗೆಯಬೇಕು. ಸಾಹುಕಾರರು ಬಯ್ಯುವುದು ತಾನಾಗಿ ಕಮ್ಮಿಯಾಯಿತು.

ಒಂದು ದಿನ ಮಾತ್ರ ದಾರಿಯುದ್ದಕ್ಕೂ ನಾನು ಓಡಿಸುವುದರಲ್ಲಿ ತಪ್ಪು ಹುಡುಕಿ ಬಯ್ದರು. ಚಳ್ಳಕೆರೆಯ ಕಂಬಳಿ ಸಂತೆ ಪಕ್ಕ ಮೋಟಾರು ನಿಲ್ಲಿಸಿ, ನೀರು ತರುತ್ತೇನೆ ಅಂತ ಇಳಿದು ಹೋದೆ. ಹೋದವನು ಕಾಫಿ ಕುಡಿದೆ, ಪರಿಚಯದವರ ಜೊತೆ ಮಾತಾಡಿದೆ, ಒಂದು ಕಂಬಳಿಯನ್ನೂ ನೋಡಿದೆ.

ವಾಪಸ್ ಬಂದರೆ ಮೋಟಾರಿನ ಸುತ್ತ ಜನವೋ ಜನ. ಒಳಗೆ ಸಾಹುಕಾರರು ಬೆವರಿ, ಎರಡೂ ಕೈಯಲ್ಲಿ ಗಾಜು ಬಡಿಯುತ್ತಿದ್ದಾರೆ. ಹೊರಗೆ ಜನ ಒಬ್ಬರಾದ ಮೇಲೆ ಒಬ್ಬರು ಕೈ ಮುಗಿಯುತ್ತಿದ್ದಾರೆ.

ಒಬ್ಬ ಮುದುಕ ನನಗೆ ಹೇಳಿದ: "ಎಂಥಾ ದೊಡ್ಡ ಮನ್ಸ ಅಂತೀನಿ. ನಮ್ಮಂಥೋರು ಕೈ ಮುಗುದ್ರೆ ಎಲ್ಡೂ ಕೈ ಎತ್ತಿ ಮಾತಾಡಿಸ್ತಾನೆ."

೪. ಪೂಜೆ ಕದಲಿಸುವ ತನಕ

ಮಹಾನವಮಿ ಬಂತು. ನೇಕಾರರ ಮನೆಯಲ್ಲಿ ಆಯುಧಪೂಜೆ ಅಂದರೆ ಹುಡುಗಾಟವಲ್ಲ. ಮಗ್ಗ, ಲಾಳಿ, ಕತ್ತರಿ, ಎಲ್ಲಕ್ಕೂ ಕುಂಕುಮ ಇಟ್ಟು ಪೂಜೆ ಮಾಡಿದರೆ, ಪೂಜೆ ಕದಲಿಸುವ ತನಕ ಒಂದನ್ನೂ ಮುಟ್ಟುವಂತಿಲ್ಲ. ಅವ್ವ ನನ್ನ ಸ್ಪಾನರುಗಳನ್ನೂ ಕೇಳಿ ಇಸಿದುಕೊಂಡರು. ಆಮೇಲೆ ಕೈ ಚಾಚಿ, "ಜೇಬಿನಾಗಿರೋ ಹಿಡಿ?" ಅಂದರು. ಕೊಟ್ಟೆ. ನಾಲ್ಕೂ ಹಿಡಿ ದೇವರ ಮುಂದೆ ಸಾಲಾಗಿ ಕೂತವು.

ಸಾಹುಕಾರರು ನನ್ನ ಕಿವಿಯಲ್ಲಿ "ಆರತಿ ಆಗಿದ್ದೇ ಹೊರಡು, ಚಳ್ಳಕೆರೇಲಿ ಕಾಯ್ತಾ ಅವರೆ" ಅಂದರು.

ಅವ್ವ ಮೋಟಾರಿಗೂ ಬಾಳೆಕಂದು ಕಟ್ಟಿಸಿ ಕುಂಕುಮ ಇಟ್ಟರು. "ಯಜಮಾನ ನೀನು, ಒಳಗೆ ಕುಂತ್ಕೋ. ಇಬ್ಬರಿಗೂ ಸೇರಿಸಿ ಆರತಿ ಮಾಡ್ತೀನಿ" ಅಂದರು. ಸಾಹುಕಾರರು ಖುಷಿಯಿಂದ ಹತ್ತಿ ಕೂತರು. ಅವ್ವ ಬಾಗಿಲು ಹಾಕಿದರು, ಆರತಿ ಎತ್ತಿದರು, ಕುಂಬಳಕಾಯಿ ಒಡೆಸಿದರು.

ನಾನು ಮುಂದಿನ ಬಾಗಿಲಿಗೆ ಕೈ ಹಾಕಿದೆ.

"ಮುಟ್ಟಬ್ಯಾಡ. ಪೂಜೆ ಆಗೈತೆ" ಅಂದರು ಅವ್ವ.

ಒಳಗಿನಿಂದ ಸಾಹುಕಾರರು ಬಾಗಿಲು ತೆಗಿ ಅಂತ ಕೂಗಿದರು. ಗಾಜು ಎರಡು ಬೆರಳು ಮಾತ್ರ ಇಳಿದಿತ್ತು. "ಲೇ, ಸಂಬಳ ಕೊಡೋನು ನಾನು, ತಗಿಯೋ" ಅಂದರು. ಅವ್ವ ನನ್ನ ಮುಖ ನೋಡಿ ಮೆಲ್ಲಗೆ, "ತಗೀಯಪ್ಪ. ನಾಳೆ ಮೋಟಾರು ಮಾರ್ತೀನಿ" ಅಂದರು. ನಾನು ಎರಡು ಹೆಜ್ಜೆ ಹಿಂದೆ ಸರಿದು ಕೈ ಕಟ್ಟಿಕೊಂಡು ನಿಂತೆ.

ಸಾಹುಕಾರರು ಗದರಿದರು, ಆಮೇಲೆ ಬೇಡಿಕೊಂಡರು. ಕಡೆಗೆ ಅವ್ವನಿಗೆ ರೇಗಿ ತೆಲುಗು ಬಂತು. "ಊರಿಕೇ ಕೂಚೋರಾ" ಅಂತ ಸುಮ್ಮನೆ ಕೂರಿಸಿದರು. ಆಮೇಲೆ ಒಳಗೆ ಹೋಗಿ ಹೋಳಿಗೆ ತಂದು, ಗಾಜಿನ ಸಂದಿಯಲ್ಲಿ ಒಂದೊಂದೇ ತೂರಿಸಿದರು. ಆ ಸಂದಿಯಲ್ಲಿ ಹೋಳಿಗೆ ಹಿಡಿಸುತ್ತಿತ್ತು, ಸಾಹುಕಾರರ ಕೈ ಹಿಡಿಸುತ್ತಿರಲಿಲ್ಲ. ಅವರು ತಿಂದರು. ಅವ್ವ ಮೋಟಾರಿನ ಪಕ್ಕ ಮಣೆ ಹಾಕಿಕೊಂಡು ಕುಂತು ಮಾತಿಗೆ ಶುರು ಮಾಡಿದರು. ತಂಗಿ ಮನೆ ಸುದ್ದಿ, ತಮ್ಮ ಮಂಡಿ ನೋವು, ಸತ್ತ ಯಜಮಾನರು ಮೊದಲು ನೇಯ್ದ ಸೀರೆ. ಮಗ ಬೇರೆ ದಾರಿಯಿಲ್ಲದೆ ಎಲ್ಲವನ್ನೂ ಕೇಳಿದರು. ಮಧ್ಯೆ ಒಂದೆರಡು ಸಲ ನಕ್ಕರು ಕೂಡ. ನೋಡುತ್ತಿದ್ದ ನನಗೆ ನನ್ನ ಅವ್ವನ ನೆನಪಾಯಿತು.

ಮಾರನೆ ದಿನ ಬೆಳಿಗ್ಗೆ ಕದಲಿಸಬೇಕಾದ ಪೂಜೆಯನ್ನು ಅವ್ವ ಹೆತ್ತ ಕರುಳು ತಡೆಯದೆ ಸಂಜೆ ದೀಪ ಹಚ್ಚಿದ ಮೇಲೆ ಕದಲಿಸಿದರು. ಸಾಹುಕಾರರು ಇಳಿದವರೇ ನನಗೆ, "ಮೊದಲು ಆ ಹಿಡಿಗಳನ್ನ ಜೋಡಿಸು" ಅಂದರು.

ಅವರು ಅತ್ತ ಹೋದ ಮೇಲೆ ಅವ್ವ ನನ್ನ ಎಲೆಗೆ ಹೋಳಿಗೆ ಹಾಕಿ, ಮೇಲೆ ತುಪ್ಪ ಸುರಿದರು. "ಮೋಟಾರು ಒಳ್ಳೇದೈತಪ್ಪ, ಮಾರೋದು ಬ್ಯಾಡ. ಹಿಡಿ ಮಾತ್ರ ದೇವರ ಮನೇಲೇ ಇರ್ಲಿ" ಅಂದರು.

ಸಂಬಳ ಕೊಡುತ್ತಿದ್ದವರು ಸಾಹುಕಾರರೇ, ಇಲ್ಲ ಅನ್ನುವುದಿಲ್ಲ. ಆದರೆ ಊಟ ಬಡಿಸುತ್ತಿದ್ದವರು ಅವ್ವ. ಆ ಮೋಟಾರು ಇರುವ ತನಕ ಸಾಹುಕಾರರು ಕೇಳಿದಾಗಲೆಲ್ಲ ನಾನು ಒಂದೇ ಮಾತು ಹೇಳುತ್ತಿದ್ದೆ: "ಆ ಕಡ್ಡಿ ಹಾಕೋದು ನಂಗೆ ಬರಲ್ರಿ. ಅವ್ವನ್ನೇ ಕೇಳಬೇಕು."